ಕಳೆದುಕೊಂಡಲ್ಲೇ ಕಸಿದುಕೊಳ್ಳುವ ಆಟ

2019ರ ಮೇ 7, ಲಿವರ್‌ಪೂಲಿನ ಆನ್‌ಫೀಲ್ಡ್ ಮೈದಾನ. ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಎರಡನೇ ಪಂದ್ಯ. ಮೊದಲ ಪಂದ್ಯವನ್ನು ಬಾರ್ಸಿಲೋನಾ 3–0ಯಿಂದ ಗೆದ್ದುಕೊಂಡಿತ್ತು. ಲಿವರ್‌ಪೂಲ್‌ನ ಮೊಹಮದ್ ಸಲಾ ಮತ್ತು ರೊಬೆರ್ಟೊ ಫಿರ್ಮಿನೊ ಇಬ್ಬರೂ ಗಾಯಗೊಂಡು ಹೊರಗೆ ಕೂತಿದ್ದರು. ಏಳನೇ ನಿಮಿಷದಲ್ಲೇ ಡಿವೊಕ್ ಒರಿಗಿ ಒಂದು ಗೋಲು ಹೊಡೆದಿದ್ದರೂ ಇನ್ನೂ ಎರಡು ಗೋಲಿನ ಸಾಲ ಬಾಕಿಯಿತ್ತು. 54ನೇ ನಿಮಿಷದಲ್ಲಿ ಬಲ ಬದಿಯಲ್ಲಿ ಟ್ರೆಂಟ್ ಅಲೆಕ್ಸಾಂಡರ್-ಆರ್ನಾಲ್ಡ್ ಚೆಂಡು ಕಳೆದುಕೊಂಡರು. ಅದು ಬಾರ್ಸಿಲೋನಾದ ಜೋರ್ಡಿ ಆಲ್ಬ ಕಾಲಿಗೆ ಸಿಕ್ಕಿತು. ಚೆಂಡು ಹೋಯಿತೆಂದರೆ ರಕ್ಷಣಾ ಆಟಗಾರ ಮೊದಲು ತಿರುಗಿ ತನ್ನ ಗೋಲಿನ ಕಡೆ ಓಡಬೇಕು. ಬಹುಕಾಲ ಹೆಚ್ಚಿನ ಕೋಚ್‌ಗಳು ಕಲಿಸಿದ್ದು ಅದನ್ನೇ. ಆರ್ನಾಲ್ಡ್ ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ಆಲ್ಬ ತಲೆ ಎತ್ತುವ ಮೊದಲೇ ಮೈಮೇಲೆ ಬಿದ್ದಂತೆ ನುಗ್ಗಿ ಚೆಂಡನ್ನು ಮತ್ತೆ ಕಸಿದರು, ಒಳಗೆ ಕ್ರಾಸ್ ಕೊಟ್ಟರು. ಓಡಿಬಂದ ಜಾರ್ಜಿನಿಯೊ ವೈನಾಲ್ಡಮ್ ಗೋಲು ಹೊಡೆದರು. ಎರಡೇ ನಿಮಿಷದಲ್ಲಿ ವೈನಾಲ್ಡಮ್ ಅವರದೇ ಇನ್ನೊಂದು ಗೋಲು. ಪಂದ್ಯ ಮುಗಿದಾಗ 4–0.

ಆ ರಾತ್ರಿಯ ನೆನಪು ತೆಗೆದವರೆಲ್ಲ ನಾಲ್ಕನೇ ಗೋಲಿನ ಬಗ್ಗೆ, ಬಾರ್ಸಿಲೋನಾದವರು ಮೈಮರೆತು ನಿಂತಿದ್ದಾಗ ಆರ್ನಾಲ್ಡ್ ಥಟ್ಟನೆ ಹೊಡೆದ ಆ ಕಾರ್ನರ್ ಬಗ್ಗೆ ಮಾತಾಡುತ್ತಾರೆ. ನನ್ನ ಮಟ್ಟಿಗೆ ದೊಡ್ಡದು ಎರಡನೇ ಗೋಲು. ಕಳೆದ ಕಾಲು ಶತಮಾನದಲ್ಲಿ ಫುಟ್‌ಬಾಲ್ ಹೇಗೆ ಬದಲಾಯಿತು ಎಂಬುದು ಆ ಕೆಲವು ಸೆಕೆಂಡುಗಳಲ್ಲಿ ಅಡಗಿದೆ. ಚೆಂಡು ಕಳೆದುಕೊಂಡ ಗಳಿಗೆಯನ್ನು ದಾಳಿಯ ಅಂತ್ಯ ಎಂದು ನೋಡದೆ, ದಾಳಿಗೆ ಸಿಗಬಹುದಾದ ಅತ್ಯುತ್ತಮ ಆರಂಭ ಎಂದು ನೋಡುವ ಆಟ ಇದು. ಎದುರಾಳಿಯ ಅರ್ಧದಲ್ಲೇ ಹೀಗೆ ಒತ್ತಡ ಹೇರುವುದಕ್ಕೆ ಹೈ ಪ್ರೆಸ್ ಎನ್ನುತ್ತಾರೆ. ಚೆಂಡು ಕೈತಪ್ಪಿದ ಕ್ಷಣದಲ್ಲೇ ಮಾಡುವ ಪ್ರೆಸ್‌ಗೆ ಜರ್ಮನ್ನರು ಗೇಗನ್‌ಪ್ರೆಸಿಂಗ್ ಎನ್ನುತ್ತಾರೆ.

ಆ ಗಳಿಗೆಗೆ ಅಷ್ಟೊಂದು ಬೆಲೆ ಬರುವುದಕ್ಕೆ ಕಾರಣವಿದೆ. ಈಗಷ್ಟೇ ಚೆಂಡು ಕಸಿದ ಆಟಗಾರನ ಕಣ್ಣು ಚೆಂಡಿನ ಮೇಲೇ ಇರುತ್ತದೆ, ಸುತ್ತ ಯಾರಿದ್ದಾರೆ ಎಂದು ನೋಡಲು ಅವನಿಗೆ ಸಮಯ ಸಿಕ್ಕಿರುವುದಿಲ್ಲ. ಅವನ ಜೊತೆಗಾರರು ರಕ್ಷಣೆಯ ಸಾಲನ್ನು ಬಿಟ್ಟು ದಾಳಿಗೆಂದು ಹರಡಿಕೊಳ್ಳಲು ಆಗಲೇ ಹೊರಟಿರುತ್ತಾರೆ. ಆಗ ಚೆಂಡು ಮರಳಿ ಸಿಕ್ಕರೆ ಎದುರಿಗೆ ಅರ್ಧ ಬಿಚ್ಚಿಕೊಂಡ ಕೋಟೆ, ಗೋಲು ಇಪ್ಪತ್ತು-ಮೂವತ್ತು ಮೀಟರ್ ದೂರದಲ್ಲಿ. ಸಾವಧಾನವಾಗಿ ಹತ್ತಿಪ್ಪತ್ತು ಪಾಸ್ ಕೊಟ್ಟು ಕಟ್ಟುವ ದಾಳಿಗೂ ಇಂಥ ಅವಕಾಶ ಸುಲಭಕ್ಕೆ ಸಿಗದು. ಒಳ್ಳೆಯ ಗೇಗನ್‌ಪ್ರೆಸಿಂಗ್ ಒದಗಿಸುವಂಥ ಅವಕಾಶವನ್ನು ಜಗತ್ತಿನ ಯಾವ ಪ್ಲೇಮೇಕರ್ ಕೂಡ ಒದಗಿಸಲಾರ ಎಂದು ಆಗಿನ ಲಿವರ್‌ಪೂಲ್ ಕೋಚ್ ಯೂರ್ಗನ್ ಕ್ಲಾಪ್ ವಾದಿಸುತ್ತ ಬಂದದ್ದು ಇದೇ ಲೆಕ್ಕದಲ್ಲಿ.

ಪ್ರೆಸಿಂಗ್ ಎಂದರೆ ಬಿಡದೆ ಓಡುವುದು, ಶ್ವಾಸಕೋಶದ ಬಲವೇ ಎಲ್ಲ ಎನ್ನುವ ಮಾತು ಕಾಮೆಂಟರಿಯಲ್ಲೂ ಕೇಳಿಬರುತ್ತದೆ. ಅದು ಪೂರ್ತಿ ನಿಜವಲ್ಲ. ಓಟ ಬೇಕು, ಆದರೆ ಆಟದ ತಿರುಳು ಇರುವುದು ಆಟಗಾರರ ನಡುವಿನ ಅಂತರದಲ್ಲಿ. ಅಂತರರಾಷ್ಟ್ರೀಯ ಮಟ್ಟದ ಮೈದಾನ ಸಾಮಾನ್ಯವಾಗಿ 105 ಮೀಟರ್ ಉದ್ದ, 68 ಮೀಟರ್ ಅಗಲ. ಒಟ್ಟು 7,140 ಚದರ ಮೀಟರ್. ಹತ್ತು ಮಂದಿ ಓಡಿ ಓಡಿ ಇಷ್ಟು ಜಾಗ ಕಾಯುವುದು ಆಗದ ಮಾತು. ಆದರೆ ಕಟ್ಟಕಡೆಯ ಡಿಫೆಂಡರ್‌ನಿಂದ ಮುಂಚೂಣಿಯ ಫಾರ್ವರ್ಡ್‌ವರೆಗಿನ ಅಂತರವನ್ನು 30 ಮೀಟರಿಗೆ ಇಳಿಸಿದರೆ ಕಾಯಬೇಕಾದ ಜಾಗ 2,040 ಚದರ ಮೀಟರಿಗೆ ಕುಗ್ಗುತ್ತದೆ. ಆಗ ಚೆಂಡು ಎಲ್ಲಿ ಬಿದ್ದರೂ ಹತ್ತಿರ ಇಬ್ಬರು-ಮೂವರು ಇದ್ದೇ ಇರುತ್ತಾರೆ. ಮೂರು-ನಾಲ್ಕು ಹೆಜ್ಜೆಯಲ್ಲಿ ತಲುಪುವವನಿಗೆ ನಲವತ್ತು ಮೀಟರ್ ಸ್ಪ್ರಿಂಟ್ ಬೇಕಾಗುವುದಿಲ್ಲ. ಮುಂದಿನವರು ನುಗ್ಗುವಾಗ ಹಿಂದಿನವರೂ ಅಷ್ಟೇ ಮೇಲೆ ಬರಬೇಕು ಎಂಬುದು ಹೈ ಪ್ರೆಸ್‌ನ ಮೊದಲ ಷರತ್ತು. ಬಾರದಿದ್ದರೆ ನಡುವೆ ದೊಡ್ಡ ಬಯಲು ತೆರೆದುಕೊಳ್ಳುತ್ತದೆ, ಒಳ್ಳೆಯ ಎದುರಾಳಿ ಒಂದೇ ಪಾಸ್‌ನಲ್ಲಿ ಅಲ್ಲಿಗೆ ಬಂದು ನಿಲ್ಲುತ್ತಾನೆ.

ಕ್ಲಾಪ್‌ರ ಲಿವರ್‌ಪೂಲ್ ಆಡುತ್ತಿದ್ದ 4-3-3ಯನ್ನೇ ತೆಗೆದುಕೊಳ್ಳೋಣ. ಎದುರಾಳಿಯ ಗೋಲ್‌ಕೀಪರ್ ಚೆಂಡನ್ನು ತನ್ನ ಸೆಂಟರ್‌ಬ್ಯಾಕ್‌ಗೆ ಕೊಡುತ್ತಾನೆ. ಬಲ ವಿಂಗ್‌ನಲ್ಲಿರುವ ಸಲಾ ಅವನತ್ತ ನೆಟ್ಟಗೆ ಓಡುವುದಿಲ್ಲ. ಹೊರಗಿನಿಂದ ಒಳಕ್ಕೆ, ಬಿಲ್ಲಿನಂತೆ ಬಾಗಿದ ಗೆರೆಯಲ್ಲಿ ಓಡುತ್ತಾರೆ. ಇದರಿಂದ ಚೆಂಡಿರುವವನ ಮೇಲೆ ಒತ್ತಡ ಬೀಳುವ ಜೊತೆಗೆ, ಅವನಿಂದ ಫುಲ್‌ಬ್ಯಾಕ್‌ಗೆ ಹೋಗುವ ಪಾಸ್‌ನ ದಾರಿಯೂ ಸಲಾ ಬೆನ್ನ ಹಿಂದೆ ಮುಚ್ಚಿಹೋಗುತ್ತದೆ. ಒಬ್ಬನೇ ಇಬ್ಬರನ್ನು ಕಾದಂತಾಯಿತು. ಎಡಗಡೆ ಸಾಡಿಯೊ ಮಾನೆ ಅವರದ್ದೂ ಅದೇ ಕೆಲಸ. ನಡುವೆ ಫಿರ್ಮಿನೊ ಎದುರಾಳಿಯ ಹೋಲ್ಡಿಂಗ್ ಮಿಡ್‌ಫೀಲ್ಡರ್‌ನನ್ನು ತನ್ನ ನೆರಳಿನಲ್ಲಿ ಇಟ್ಟುಕೊಂಡು ಮುಂದೆ ಬರುತ್ತಾರೆ. ಬದಿಯ ದಾರಿ ಮುಚ್ಚಿದೆ, ಹೋಲ್ಡಿಂಗ್ ಮಿಡ್‌ಫೀಲ್ಡರ್‌ನ ದಾರಿಯೂ ಮುಚ್ಚಿದೆ. ಉಳಿದದ್ದು ಮೈದಾನದ ಮಧ್ಯಕ್ಕೆ ಹೋಗುವ ಕಿರಿದಾದ ಒಂದು ಪಾಸ್. ಅದನ್ನು ಬೇಕೆಂದೇ ಬಿಟ್ಟಿರುತ್ತಾರೆ. ಅಲ್ಲಿ ಮೂವರು ಮಿಡ್‌ಫೀಲ್ಡರ್‌ಗಳು ಕಾದಿರುತ್ತಾರೆ.

ಬೇರೆ ತಂಡಗಳು ಇದನ್ನು ತಿರುಗಿಸಿ ಮಾಡುತ್ತವೆ: ಮಧ್ಯವನ್ನು ಮುಚ್ಚಿ ಎದುರಾಳಿಯನ್ನು ಬದಿಗೆ ಅಟ್ಟುತ್ತವೆ. ಬದಿಯಲ್ಲಿ ಉದ್ದ ಗೆರೆಯೇ ಒಬ್ಬ ಡಿಫೆಂಡರ್, ಅದನ್ನು ಯಾರೂ ದಾಟಿ ಹೋಗಲಾರರು. ದಾರಿ ಯಾವುದಾದರೂ ಮುಖ್ಯವಾದದ್ದು ಯಾವಾಗ ನುಗ್ಗಬೇಕು ಎಂಬುದು. ಅದಕ್ಕೆ ಗೊತ್ತಾದ ಸೂಚನೆಗಳಿವೆ. ಎದುರಾಳಿಯ ಮೊದಲ ಸ್ಪರ್ಶ ಕೆಟ್ಟು ಚೆಂಡು ಕಾಲಿನಿಂದ ಅರ್ಧ ಮೀಟರ್ ಜಾರಿದಾಗ, ಚೆಂಡು ತೆಗೆದುಕೊಳ್ಳುವವನು ತನ್ನದೇ ಗೋಲಿಗೆ ಮುಖ ಮಾಡಿ ನಿಂತಿದ್ದಾಗ, ಪಾಸ್ ನಿಧಾನವಾಗಿ ಪುಟಿಯುತ್ತ ಬರುತ್ತಿದ್ದಾಗ, ಗೋಲ್‌ಕೀಪರ್‌ಗೆ ಹಿಂದಿರುಗಿಸಿದಾಗ. ಈ ಕೊನೆಯದಕ್ಕೆ ಬೆಲೆ ಬಂದದ್ದು 1992ರಲ್ಲಿ. ಜೊತೆಗಾರ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯಬಾರದು ಎಂಬ ನಿಯಮ ಬಂದ ಮೇಲೆ ಅಲ್ಲಿಯವರೆಗಿನ ಸುರಕ್ಷಿತ ಆಶ್ರಯವೇ ಅಪಾಯದ ಜಾಗವಾಯಿತು. ಸೂಚನೆ ಸಿಕ್ಕಾಗ ಒಬ್ಬ ಹೊರಟರೆ ಉಳಿದವರೂ ಆ ಕ್ಷಣವೇ ಹೊರಡಬೇಕು. ಕಬಡ್ಡಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಸರಪಳಿ ಹಿಡಿದವರು ಒಟ್ಟಾಗಿ ರೈಡರ್‌ನನ್ನು ಮೂಲೆಗೆ ಒತ್ತಿದರೆ ಅವನು ಸಿಕ್ಕಿಬೀಳುತ್ತಾನೆ, ಅವಸರದಲ್ಲಿ ಕೈ ಬಿಡಿಸಿಕೊಂಡು ಒಬ್ಬನೇ ನುಗ್ಗಿದವನು ಮುಟ್ಟಿಸಿಕೊಂಡು ಹೊರನಡೆಯುತ್ತಾನೆ.

2018ರ ಜನವರಿ 14ರಂದು ಇದೇ ಆನ್‌ಫೀಲ್ಡ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ಈ ಬಲೆಗೆ ಬಿತ್ತು. ಆ ಋತುವಿನ ಲೀಗ್‌ನಲ್ಲಿ 22 ಪಂದ್ಯ ಸೋಲರಿಯದೆ ಬಂದಿದ್ದ ತಂಡ ಅದು, ಪೆಪ್ ಗಾರ್ಡಿಯೊಲಾ ಕಟ್ಟಿದ್ದು. 59ನೇ ನಿಮಿಷದಿಂದ 68ನೇ ನಿಮಿಷದೊಳಗೆ ಮೂರು ಗೋಲು ಬಿಟ್ಟುಕೊಟ್ಟಿತು. ಎರಡನೆಯದರಲ್ಲಿ ಸಲಾ ಡಿಫೆಂಡರ್ ಒಟಮೆಂಡಿ ಕಾಲಿನಿಂದ ಚೆಂಡು ಕಿತ್ತು ಮಾನೆಗೆ ಕೊಟ್ಟರು. ಮೂರನೆಯದರಲ್ಲಿ ಗೋಲ್‌ಕೀಪರ್ ಎಡರ್ಸನ್ ಪೆನಾಲ್ಟಿ ಪೆಟ್ಟಿಗೆಯಿಂದ ಬಹಳ ಹೊರಗೆ ಬಂದು ಒದ್ದ ಚೆಂಡು ನೇರ ಸಲಾ ಬಳಿಗೆ ಹೋಯಿತು, ಅವರು ಅದನ್ನು ದೂರದಿಂದಲೇ ಖಾಲಿ ಗೋಲಿಗೆ ಎತ್ತಿಹಾಕಿದರು. ಜಗತ್ತಿನಲ್ಲೇ ಅತ್ಯಂತ ನಾಜೂಕಾಗಿ ಪಾಸ್ ಕೊಡುವ ತಂಡ ಆ ಒಂಬತ್ತು ನಿಮಿಷ ಚೆಂಡನ್ನು ಸರಿಯಾಗಿ ನಿಲ್ಲಿಸಿಕೊಳ್ಳಲಾಗದೆ ತತ್ತರಿಸಿತು. ಕೊನೆಗೆ 4–3, ಲಿವರ್‌ಪೂಲ್‌ಗೆ ಜಯ.

ಕ್ಲಾಪ್ ಇದನ್ನು ಹುಟ್ಟುಹಾಕಿದವರಲ್ಲ, ಆ ಮಾತನ್ನು ಅವರೇ ಒಪ್ಪುತ್ತಾರೆ. ಬೇರು ಹುಡುಕುತ್ತ ಹೋದರೆ ಕೀವ್ ನಗರ ಸಿಗುತ್ತದೆ. 1964ರಲ್ಲಿ ಡೈನಮೊ ಕೀವ್ ತಂಡದ ಹೊಣೆ ಹೊತ್ತ ವಿಕ್ಟರ್ ಮಾಸ್ಲೊವ್, ಆಟಗಾರರು ಗುಂಪಾಗಿ ಚೆಂಡಿನವನ ಮೇಲೆ ಬೀಳುವುದನ್ನು ವ್ಯವಸ್ಥಿತ ತಂತ್ರವಾಗಿ ಆಡಿಸಿದ ಮೊದಲಿಗರೆಂದು ಫುಟ್‌ಬಾಲ್ ಇತಿಹಾಸಕಾರರು ಗುರುತಿಸುತ್ತಾರೆ. 1966ರಿಂದ 68ರವರೆಗೆ ಸತತ ಮೂರು ಸೋವಿಯತ್ ಲೀಗ್ ಪ್ರಶಸ್ತಿ ಅವರದಾದವು. ಅವರ ಕೈಕೆಳಗೆ ಆಡಿದ್ದ, ಓದಿನಿಂದ ಎಂಜಿನಿಯರ್ ಆಗಿದ್ದ ವಲೇರಿ ಲೊಬನೊವ್‌ಸ್ಕಿ ಮುಂದೆ ಅದೇ ತಂಡದ ಕೋಚ್ ಆಗಿ, ವಿಜ್ಞಾನಿ ಅನತೊಲಿ ಜೆಲೆಂತ್ಸೊವ್ ಜೊತೆ ಸೇರಿ ಆಟವನ್ನು ಅಂಕಿಅಂಶಗಳಲ್ಲಿ ಅಳೆದರು. 1975 ಮತ್ತು 1986ರಲ್ಲಿ ಯುರೋಪಿನ ಕಪ್ ವಿನ್ನರ್ಸ್ ಕಪ್ ಗೆದ್ದರು. ಮಾಸ್ಲೊವ್ ಕಾಲದಲ್ಲೇ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕೋಚ್ ರೀನಸ್ ಮಿಶೆಲ್ಸ್ ಬೇರೆಯದೇ ದಾರಿಯಿಂದ ಇದೇ ತಂತ್ರಕ್ಕೆ ಬಂದು ತಲುಪಿದ್ದರು. 1974ರ ವಿಶ್ವಕಪ್‌ನಲ್ಲಿ ಉರುಗ್ವೆ ವಿರುದ್ಧ ಅವರ ನೆದರ್ಲೆಂಡ್ಸ್ ತಂಡ ಆಡಿದ ಪಂದ್ಯದ ಹಳೆಯ ಚಿತ್ರಿಕೆ ಈಗಲೂ ನೋಡಲು ಸಿಗುತ್ತದೆ. ಚೆಂಡು ಹಿಡಿದ ಉರುಗ್ವೆ ಆಟಗಾರನ ಸುತ್ತ ಕಿತ್ತಳೆ ಅಂಗಿಯವರು ಹಿಂಡಾಗಿ ಮುತ್ತುತ್ತಾರೆ, ಅವನಿಗೆ ತಿರುಗಲೂ ಜಾಗವಿಲ್ಲ. ಐವತ್ತು ವರ್ಷದ ಹಿಂದಿನ ಆಟ ಅನ್ನಿಸುವುದೇ ಇಲ್ಲ.

1980ರ ದಶಕದ ಮೊದಲ ಭಾಗದಲ್ಲಿ, ಜರ್ಮನಿಯ ತರಬೇತಿ ಶಿಬಿರಕ್ಕೆ ಬಂದಿದ್ದ ಲೊಬನೊವ್‌ಸ್ಕಿಯ ಡೈನಮೊ ಕೀವ್, ಬಕ್‌ನಾಂಗ್ ಎಂಬ ಸಣ್ಣ ಊರಿನ ತಂಡದ ಜೊತೆ ಸ್ನೇಹಪಂದ್ಯ ಆಡಿತು. ಬಕ್‌ನಾಂಗ್‌ನ ಆಟಗಾರ-ಕೋಚ್ ಇಪ್ಪತ್ತರ ಹರೆಯದ ರಾಲ್ಫ್ ರಾಂಗ್ನಿಕ್. ಚೆಂಡು ಮೊದಲ ಬಾರಿ ಗೆರೆ ದಾಟಿ ಆಟ ನಿಂತಾಗ ಅವರು ಎದುರಾಳಿ ಆಟಗಾರರನ್ನು ಎಣಿಸಿದರಂತೆ, ಹನ್ನೊಂದಕ್ಕಿಂತ ಹೆಚ್ಚು ಜನ ಇದ್ದಾರೇನೋ ಎಂದು. ಅಂದು ತಗುಲಿದ ಗೀಳು ರಾಂಗ್ನಿಕ್‌ರನ್ನು ಬಿಡಲಿಲ್ಲ. ಹೆಲ್ಮುಟ್ ಗ್ರಾಸ್ ಎಂಬ ಎಂಜಿನಿಯರ್-ಕೋಚ್ ಜೊತೆ ಕೂತು ಅವರು ಇಟಲಿಯ ಎ.ಸಿ. ಮಿಲಾನ್ ಪಂದ್ಯಗಳ ವಿಡಿಯೊ ಟೇಪುಗಳನ್ನು ಮತ್ತೆ ಮತ್ತೆ ಹಾಕಿ ನೋಡಿದರು. ಚೆಂಡು ಕಳೆದುಕೊಂಡ ಎಂಟು ಸೆಕೆಂಡಿನೊಳಗೆ ಮರಳಿ ಪಡೆಯಬೇಕು, ಪಡೆದ ಹತ್ತು ಸೆಕೆಂಡಿನೊಳಗೆ ಗೋಲಿನತ್ತ ಹೊಡೆಯಬೇಕು ಎಂಬುದು ಮುಂದೆ ಅವರ ಸೂತ್ರವಾಯಿತು. ಅಭ್ಯಾಸದ ವೇಳೆ ಸೆಕೆಂಡುಗಳನ್ನು ಟಿಕ್ ಟಿಕ್ ಎಂದು ಎಣಿಸುವ ಗಡಿಯಾರವನ್ನೇ ಮಾಡಿಸಿದ್ದರು. ಹೊಫೆನ್‌ಹೈಮ್, ಸಾಲ್ಜ್‌ಬರ್ಗ್, ಲೈಪ್‌ಜಿಗ್ ತಂಡಗಳ ಮೂಲಕ ಈ ಪಾಠ ಜರ್ಮನ್ ಮಾತಾಡುವ ಒಂದಿಡೀ ಪೀಳಿಗೆಯ ಕೋಚ್‌ಗಳಿಗೆ ದಾಟಿತು.

ಆ ಟೇಪುಗಳಲ್ಲಿದ್ದದ್ದು ಅರ‍್ರೀಗೊ ಸಾಕಿಯ ಮಿಲಾನ್. ಸಾಕಿ ವೃತ್ತಿಪರ ಫುಟ್‌ಬಾಲ್ ಆಡಿದವರೇ ಅಲ್ಲ, ತಂದೆಯ ಪಾದರಕ್ಷೆ ಕಾರ್ಖಾನೆಯ ವ್ಯಾಪಾರ ನೋಡಿಕೊಂಡಿದ್ದವರು. 1987ರಲ್ಲಿ ಮಿಲಾನ್‌ಗೆ ಬಂದಾಗ ಇಟಲಿಯ ಪತ್ರಿಕೆಗಳು ಮೂಗು ಮುರಿದವು. ತಂಡದ ಮೊದಲ ಸಾಲಿಗೂ ಕೊನೆಯ ಸಾಲಿಗೂ 25 ಮೀಟರಿಗಿಂತ ಹೆಚ್ಚು ಅಂತರ ಇರಕೂಡದು ಎಂಬುದು ಅವರ ಕಟ್ಟಳೆ. ಚೆಂಡೇ ಇಲ್ಲದೆ, ಚೆಂಡು ಇಲ್ಲಿದೆ ಎಂದು ಕಲ್ಪಿಸಿಕೊಂಡು, ಹನ್ನೊಂದು ಜನ ಒಟ್ಟಾಗಿ ಅತ್ತಿಂದಿತ್ತ ಸರಿಯುವ ಅಭ್ಯಾಸ ಮಾಡಿಸುತ್ತಿದ್ದರು. ಇದೆಲ್ಲ ಏಕೆ ಎಂದು ರುಡ್ ಗುಲ್ಲಿಟ್, ಮಾರ್ಕೊ ವಾನ್ ಬಾಸ್ಟನ್‌ರಂಥ ತಾರೆಯರಿಗೆ ಅನುಮಾನ. ಸಾಕಿ ಒಂದು ಪಂಥ ಕಟ್ಟಿದರು. ಗೋಲ್‌ಕೀಪರ್ ಗಲ್ಲಿ, ಮುಂದೆ ತಸ್ಸೊಟ್ಟಿ, ಕೊಸ್ತಕುರ್ತ, ಬರೇಸಿ, ಮಾಲ್ದೀನಿ: ಶಿಸ್ತಾಗಿ ನಿಂತ ಐದೇ ಜನ. ಎದುರಿಗೆ ಗುಲ್ಲಿಟ್, ವಾನ್ ಬಾಸ್ಟನ್ ಸೇರಿ ಹತ್ತು ಜನ, ಮನಬಂದಂತೆ ಆಡಲು ಸ್ವತಂತ್ರರು. ಹದಿನೈದು ನಿಮಿಷ ಕಾಲಾವಕಾಶ. ಹತ್ತು ಜನರಿಂದ ಒಂದೇ ಒಂದು ಗೋಲು ಹೊಡೆಯಲಾಗಲಿಲ್ಲ ಎಂದು ಸಾಕಿ ಹೇಳಿಕೊಂಡಿದ್ದಾರೆ. 1989ರ ಏಪ್ರಿಲ್‌ನಲ್ಲಿ ಅದೇ ಮಿಲಾನ್ ಯುರೋಪಿಯನ್ ಕಪ್ ಸೆಮಿಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಐದು ಗೋಲು ಹೊಡೆಯಿತು, ಫೈನಲ್‌ನಲ್ಲಿ ಸ್ಟೆಯವ ಬುಕಾರೆಸ್ಟ್‌ಗೆ ನಾಲ್ಕು. ಮರುವರ್ಷವೂ ಕಪ್ ಅವರದೇ. ಸಾಕಿಯ ಪಾಠವನ್ನು ಮೈನ್ಸ್ ಎಂಬ ಸಣ್ಣ ಕ್ಲಬ್ಬಿಗೆ ಒಯ್ದವರು ವೊಲ್ಫ್‌ಗಾಂಗ್ ಫ್ರಾಂಕ್. ಅವರ ತಂಡದಲ್ಲಿ ಆಡುತ್ತ ಅದನ್ನು ಕಲಿತವರು ಕ್ಲಾಪ್.

ಗಾರ್ಡಿಯೊಲಾ 2008ರಿಂದ 2012ರವರೆಗೆ ಬಾರ್ಸಿಲೋನಾದಲ್ಲಿ ಮಾಡಿದ್ದರ ಉದ್ದೇಶ ಬೇರೆ. ಅವರಿಗೆ ಪ್ರೆಸ್ ಎಂದರೆ ಚೆಂಡನ್ನು ಮತ್ತೆ ತಮ್ಮ ವಶಕ್ಕೆ ತಂದು, ಮತ್ತೆ ಪಾಸ್‌ಗಳ ಜಾಲ ನೇಯುವ ಉಪಾಯ. ಚೆಂಡು ಸಿಕ್ಕೊಡನೆ ಗೋಲಿನತ್ತ ದೌಡಾಯಿಸಲೇಬೇಕೆಂಬ ಆತುರವಿಲ್ಲ. ಮೊದಲ ಕೆಲವು ಸೆಕೆಂಡು ಮುತ್ತಿಗೆ, ಸಿಗದಿದ್ದರೆ ಹಿಂದೆ ಸರಿದು ಸಾಲು ಕಟ್ಟುವುದು. ಪಾಸ್ ಕೊಡುವಾಗ ಎಲ್ಲರೂ ಹತ್ತಿರ ಹತ್ತಿರ ಇರುತ್ತಿದ್ದುದರಿಂದಲೇ ಕಳೆದುಕೊಂಡಾಗ ಮುತ್ತುವುದು ಸುಲಭವಾಗುತ್ತಿತ್ತು. ಸಿಕ್ಕ ಮೇಲೆ ಚೆಂಡನ್ನು ಕಾಲಲ್ಲಿ ಇಟ್ಟುಕೊಂಡೇ ದಣಿವಾರಿಸಿಕೊಳ್ಳುತ್ತಿದ್ದರು.

ಈ ಆಟದ ಬೆಲೆ ದೊಡ್ಡದು. ರಕ್ಷಣೆಯ ಸಾಲು ಮಧ್ಯಗೆರೆಯ ಹತ್ತಿರ ನಿಂತರೆ ಬೆನ್ನ ಹಿಂದೆ ಅರ್ಧ ಮೈದಾನ ಖಾಲಿ. ತನ್ನದೇ ಅರ್ಧದಲ್ಲಿ ನಿಂತ ಆಟಗಾರನಿಗೆ ಆಫ್‌ಸೈಡ್ ಅನ್ವಯಿಸುವುದಿಲ್ಲವಾದ್ದರಿಂದ ವೇಗದ ಫಾರ್ವರ್ಡ್ ಅಲ್ಲಿಂದಲೇ ಓಟ ಕಿತ್ತು ಆ ಬಯಲಿಗೆ ನುಗ್ಗಬಹುದು. ಅದನ್ನು ಕಾಯಲು ಗೋಲ್‌ಕೀಪರ್ ಕೊನೆಯ ಡಿಫೆಂಡರ್ ಕೂಡ ಆಗಬೇಕು. 2014ರ ವಿಶ್ವಕಪ್‌ನಲ್ಲಿ ಅಲ್ಜೀರಿಯ ವಿರುದ್ಧ ಜರ್ಮನಿಯ ಮಾನುಯೆಲ್ ನಾಯರ್ ಪೆಟ್ಟಿಗೆ ಬಿಟ್ಟು ಓಡಿಬಂದು ಕಾಲಲ್ಲಿ, ತಲೆಯಲ್ಲಿ ಚೆಂಡು ತಡೆದ ಪರಿ ನೋಡಿದವರಿಗೆ ಆ ಕೆಲಸದ ಕಷ್ಟ ಅರ್ಥವಾದೀತು. ಮುಂಚೂಣಿಯಿಂದ ಗೋಲ್‌ಕೀಪರ್‌ವರೆಗಿನ ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಗತಿಯೇನು ಎಂಬುದು 2020ರ ಅಕ್ಟೋಬರ್ 4ರಂದು ಕಂಡಿತು. ಆಗಷ್ಟೇ ಲೀಗ್ ಚಾಂಪಿಯನ್ ಆಗಿದ್ದ ಲಿವರ್‌ಪೂಲ್, ಗೋಲ್‌ಕೀಪರ್ ಅಲಿಸನ್ ಇಲ್ಲದೆ ಆಡಿ ಆಸ್ಟನ್ ವಿಲ್ಲಾ ಎದುರು 7–2ರಿಂದ ಸೋತಿತು. ಯಾರಿಗೋ ಬಡಿದು ದಿಕ್ಕು ಬದಲಿಸಿದ ಚೆಂಡುಗಳೂ ಇದ್ದವು, ನಿಜ. ಆದರೆ ಮುಂದಿನವರ ಒತ್ತಡ ಅರ್ಧ ಸೆಕೆಂಡ್ ತಡವಾದರೆ ಮೇಲೆ ನಿಂತ ಸಾಲು ಎಷ್ಟು ಬೆತ್ತಲೆ ಎಂಬುದನ್ನು ವಿಲ್ಲಾದ ಆಲಿ ವಾಟ್ಕಿನ್ಸ್ ಹ್ಯಾಟ್ರಿಕ್ ಹೊಡೆದು ತೋರಿಸಿದರು.

ದಣಿವೂ ಒಂದು ಬೆಲೆ. 90 ನಿಮಿಷ ಇದನ್ನು ಯಾರೂ ಆಡಲಾರರು. ಯಾವಾಗ ಆಡಬೇಕು, ಯಾವಾಗ ಬಿಡಬೇಕು ಎಂದು ಆರಿಸಿಕೊಳ್ಳುವುದೂ ತಂತ್ರದ ಭಾಗವೇ. ಪಂದ್ಯಕ್ಕೆ ಐದು ಬದಲಿ ಆಟಗಾರರಿಗೆ 2022ರಲ್ಲಿ ಶಾಶ್ವತ ಅನುಮತಿ ಸಿಕ್ಕಿದ್ದು ಇಂಥ ತಂಡಗಳಿಗೆ ವರವಾಯಿತು. ಸೆಖೆಯ ಊರುಗಳಲ್ಲಿ ಲೆಕ್ಕ ಇನ್ನೂ ಬಿಗಿ. ನಮ್ಮ ಬೆಂಗಳೂರು ಎಫ್‌ಸಿಗೆ 2016ರಲ್ಲಿ ಕೋಚ್ ಆಗಿ ಬಂದ ಆಲ್ಬರ್ಟ್ ರೋಕಾ, ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್‌ಗೆ ಸಹಾಯಕರಾಗಿದ್ದವರು. ಸಾಕಿಯ ಮಿಲಾನ್‌ನಲ್ಲಿ ಆಡಿದ್ದ ಅದೇ ರೈಕಾರ್ಡ್. ಚೆಂಡು ತಮ್ಮಲ್ಲೇ ಇರಬೇಕು, ಹೋದರೆ ಬೇಗ ಬರಬೇಕು ಎಂಬ ಆಟದ ಒಂದು ಎಳೆ ಹಾಗೆ ಕಂಠೀರವ ಕ್ರೀಡಾಂಗಣದವರೆಗೆ ಬಂತು. ಆ ವರ್ಷ ಅಕ್ಟೋಬರ್‌ನಲ್ಲಿ ಹಾಲಿ ಚಾಂಪಿಯನ್ ಜೊಹೊರ್ ತಂಡವನ್ನು ಕಂಠೀರವದಲ್ಲಿ 3–1ರಿಂದ ಮಣಿಸಿ ಬೆಂಗಳೂರು ಎಎಫ್‌ಸಿ ಕಪ್ ಫೈನಲ್ ತಲುಪಿತು. ಭಾರತದ ಯಾವ ಕ್ಲಬ್ಬೂ ಅದಕ್ಕೂ ಮೊದಲು ಅಲ್ಲಿಗೆ ಹೋಗಿರಲಿಲ್ಲ. ಬೆಂಗಳೂರಿನ ತಂಪು ಸಂಜೆಯಲ್ಲಿ ಆಡಬಹುದಾದ ವೇಗವನ್ನು ಕೊಚ್ಚಿಯ, ಗೋವಾದ ಬೆವರಿಳಿಸುವ ರಾತ್ರಿಗಳಲ್ಲಿ ಹಾಗೇ ಆಡಲಾಗದು. ಯುರೋಪಿನ ಪಾಠವನ್ನು ಇಲ್ಲಿಗೆ ತರುವ ಕೋಚ್‌ಗಳು ಹವೆಯ ಈ ಲೆಕ್ಕವನ್ನು ಮೊದಲು ಹಾಕಬೇಕು.

ಎದುರಾಳಿಗಳೂ ಸುಮ್ಮನೆ ಕೂತಿಲ್ಲ. 2019ರಲ್ಲಿ ಗೋಲ್ ಕಿಕ್ ನಿಯಮ ಬದಲಾಗಿ, ಚೆಂಡು ಪೆನಾಲ್ಟಿ ಪೆಟ್ಟಿಗೆ ದಾಟುವವರೆಗೆ ಕಾಯಬೇಕಿಲ್ಲವಾಯಿತು. ಅಂದಿನಿಂದ ಗೋಲ್‌ಕೀಪರ್ ಪಕ್ಕದಲ್ಲೇ ಇಬ್ಬರು ಡಿಫೆಂಡರ್‌ಗಳು ನಿಂತು, ಪ್ರೆಸ್ ಮಾಡುವವರನ್ನು ಬೇಕೆಂದೇ ಹತ್ತಿರಕ್ಕೆ ಕರೆದು, ಅವರ ಬೆನ್ನ ಹಿಂದಿನ ಜಾಗಕ್ಕೆ ಚೆಂಡು ದಾಟಿಸುತ್ತಾರೆ. ಪ್ರೆಸ್‌ನಲ್ಲಿ ಹತ್ತು ಮಂದಿ, ಎದುರಿಗೆ ಗೋಲ್‌ಕೀಪರ್ ಸೇರಿ ಹನ್ನೊಂದು ಮಂದಿ. ಒಬ್ಬ ಯಾವಾಗಲೂ ಖಾಲಿ ಉಳಿಯುತ್ತಾನೆ. ಇದಕ್ಕೆ ಮರುಉತ್ತರವಾಗಿ ಮೈದಾನದ ತುಂಬ ಒಬ್ಬೊಬ್ಬರನ್ನು ಒಬ್ಬೊಬ್ಬರು ಹಿಡಿಯುವ ಮ್ಯಾನ್-ಟು-ಮ್ಯಾನ್ ಪದ್ಧತಿ ಮತ್ತೆ ಬಲ ಪಡೆದಿದೆ. ಮಾರ್ಸೆಲೊ ಬಿಯೆಲ್ಸಾ ಲೀಡ್ಸ್ ತಂಡದಲ್ಲಿ ಇದನ್ನು ರಾಜಿಯಿಲ್ಲದೆ ಆಡಿಸಿದರು. 2020ರ ಡಿಸೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಸ್ಕಾಟ್ ಮೆಕ್‌ಟೊಮಿನೆ ಮೊದಲ ಮೂರೇ ನಿಮಿಷದಲ್ಲಿ ಎರಡು ಗೋಲು ಹೊಡೆದರು, ಲೀಡ್ಸ್ 6–2ರಿಂದ ಸೋತಿತು. ಆದರೆ ಅದೇ ಬಗೆಯ ಆಟವನ್ನು ಜಿಯಾನ್ ಪಿಯೆರೊ ಗ್ಯಾಸ್ಪೆರಿನಿ ಅಟಲಾಂಟಾದಲ್ಲಿ ವರ್ಷಗಟ್ಟಲೆ ತಿದ್ದಿ ತೀಡಿದರು. 2024ರ ಮೇ 22ರಂದು ಡಬ್ಲಿನ್‌ನಲ್ಲಿ ನಡೆದ ಯುರೋಪಾ ಲೀಗ್ ಫೈನಲ್‌ನಲ್ಲಿ, 51 ಪಂದ್ಯ ಸೋಲದೆ ಬಂದಿದ್ದ ಬಾಯರ್ ಲೆವರ್‌ಕುಸನ್ ಅಟಲಾಂಟಾ ಹಿಡಿತದಲ್ಲಿ ಉಸಿರಾಡಲಾಗದೆ 3–0ಯಿಂದ ಸೋತಿತು. ಮೂರೂ ಗೋಲು ಅಡೆಮೊಲಾ ಲುಕ್‌ಮನ್‌ರದು.

ಪ್ರೆಸಿಂಗ್ ಅಳೆಯಲು ಈಗ ಪಿಪಿಡಿಎ ಎಂಬ ಮಾನದಂಡವಿದೆ: ಎದುರಾಳಿಗೆ ಎಷ್ಟು ಪಾಸ್ ಬಿಟ್ಟುಕೊಟ್ಟ ಮೇಲೆ ಒಮ್ಮೆ ಟ್ಯಾಕಲ್, ಫೌಲ್ ಅಥವಾ ಇಂಟರ್‌ಸೆಪ್ಷನ್ ಆಗುತ್ತದೆ ಎಂಬ ಲೆಕ್ಕ. ಸಂಖ್ಯೆ ಕಡಿಮೆಯಾದಷ್ಟೂ ಪ್ರೆಸ್ ತೀವ್ರ. ಉಪಯುಕ್ತ ಅಳತೆಯೇ, ಆದರೆ ಫಿರ್ಮಿನೊ ಚೆಂಡು ಮುಟ್ಟದೆ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು ಮುಚ್ಚಿದ ಪಾಸ್ ಇದರಲ್ಲಿ ದಾಖಲಾಗುವುದಿಲ್ಲ. ಎದುರಾಳಿ ಕೊಡದೇ ಬಿಟ್ಟ ಪಾಸ್‌ಗೆ ಲೆಕ್ಕದ ಪುಸ್ತಕದಲ್ಲಿ ಜಾಗವಿಲ್ಲ. ಫಿರ್ಮಿನೊ ಕಡಿಮೆ ಗೋಲು ಹೊಡೆಯುತ್ತಾರೆಂದು ದೂರುತ್ತಿದ್ದವರಿಗೆ ಕಾಣದೆ ಹೋದದ್ದು ಇದೇ.

ಆ ಅನ್ಯಾಯ ಈಚೆಗೆ ಸ್ವಲ್ಪ ಸರಿಹೋದಂತಿದೆ. 2025ರ ಮೇ 31ರಂದು ಮ್ಯೂನಿಕ್‌ನ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಪ್ಯಾರಿಸ್ ಸೇಂಟ್ ಜರ್ಮೇನ್ ತಂಡ ಇಂಟರ್ ಮಿಲಾನ್‌ಗೆ ಐದು ಗೋಲು ಹೊಡೆಯಿತು. ಅದರ ಸೆಂಟರ್ ಫಾರ್ವರ್ಡ್ ಉಸ್ಮಾನ್ ಡೆಂಬೆಲೆ ಒಂದನ್ನೂ ಹೊಡೆಯಲಿಲ್ಲ. ಎರಡಕ್ಕೆ ಪಾಸ್ ಒದಗಿಸಿದರು. ಆದರೆ ಆ ಪಂದ್ಯದಲ್ಲಿ ಹೆಚ್ಚು ಹರಿದಾಡಿದ ಚಿತ್ರ ಅವರದೇ: ಇಂಟರ್‌ನ ಗೋಲ್‌ಕೀಪರ್ ಯಾನ್ ಸೊಮರ್ ಗೋಲ್ ಕಿಕ್‌ಗೆ ಚೆಂಡಿಟ್ಟು ನಿಂತಿದ್ದಾಗ, ಪೆನಾಲ್ಟಿ ಪೆಟ್ಟಿಗೆಯ ಗೆರೆಯ ಮೇಲೆ ಡೆಂಬೆಲೆ ಮೈ ಮುಂದಕ್ಕೆ ಬಾಗಿಸಿ, ಕಣ್ಣು ಚೆಂಡಿನಲ್ಲೇ ನೆಟ್ಟು ಕಾದಿದ್ದರು. ಈ ಸಲ ಬ್ಯಾಲನ್ ಡಿ'ಓರ್ ಡೆಂಬೆಲೆಗೆ ಸಿಗಬೇಕು, ಇಂದು ಅವರು ಮಾಡಿದ ರಕ್ಷಣೆಗಾಗಿಯಾದರೂ ಸಿಗಬೇಕು ಎಂದು ಪಂದ್ಯದ ನಂತರ ಕೋಚ್ ಲೂಯಿಸ್ ಎನ್ರಿಕೆ ಹೇಳಿದರು. ಸೆಪ್ಟೆಂಬರ್‌ನಲ್ಲಿ ಆ ಪ್ರಶಸ್ತಿ ಡೆಂಬೆಲೆ ಕೈ ಸೇರಿತು.